ಗರ್ಭ ನಿಲ್ಲುವ ಮೊದಲಿನ ಏಳು ದಿನ

ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಸಿಎಂಎಚ್ ರಸ್ತೆಯಲ್ಲಿ, ಹಳೇ ಮದ್ರಾಸ್ ರಸ್ತೆಯ ಆಚೀಚೆ ಈಗ ಐವಿಎಫ್ ಬೋರ್ಡುಗಳು ಎದ್ದು ಕಾಣುತ್ತವೆ. ಭ್ರೂಣವನ್ನು ಗರ್ಭಕೋಶಕ್ಕೆ ಬಿಡಿಸಿಕೊಂಡು, ಒಂದಿಷ್ಟು ಹೊತ್ತು ಮಲಗಿ ಎದ್ದ ಹೆಣ್ಣುಮಗಳು ಹೊರಡುವ ಮುಂಚೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸಿಸ್ಟರ್, ಆಟೊದಲ್ಲಿ ಹೋಗ್ಬಹುದಾ?’ ಮನೆ ಕೆ.ಆರ್. ಪುರದ ಕಡೆ. ದಾರಿಯಲ್ಲಿ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು, ಗುಂಡಿ, ಹಂಪು. ಒಳಗಿಟ್ಟಿದ್ದು ಕುಲುಕಾಟಕ್ಕೆ ಜಾರಿಬಿಟ್ಟರೆ ಎಂಬ ಭಯ. ಎರಡು ವಾರ ಕಳೆದು ರಕ್ತಪರೀಕ್ಷೆ ನೆಗೆಟಿವ್ ಬಂದರೆ ಆ ಭಯವೇ ಆರೋಪವಾಗುತ್ತದೆ. ಮೆಟ್ಟಿಲು ಹತ್ತಿದ್ದಕ್ಕೆ ಹೀಗಾಯಿತು, ನೀರಿನ ಕ್ಯಾನ್ ಎತ್ತಿದ್ದಕ್ಕೆ ಹೀಗಾಯಿತು. ಅತ್ತೆ ಹೇಳದಿದ್ದರೆ ಅವಳೇ ಹೇಳಿಕೊಳ್ಳುತ್ತಾಳೆ.

ಈ ಆರೋಪ ಸುಳ್ಳು. ಅದು ಯಾಕೆ ಸುಳ್ಳು ಎಂದು ತಿಳಿಯಬೇಕಾದರೆ ಗರ್ಭಕೋಶದ ಗೋಡೆಗೆ ಅಂಟುವ ಮೊದಲಿನ ಏಳು ದಿನ ಭ್ರೂಣ ಏನು ಮಾಡುತ್ತಿರುತ್ತದೆ ಎಂದು ನೋಡಬೇಕು. ಆ ಏಳು ದಿನ ಅದು ಸುಮ್ಮನೆ ಕೂತು ತಾಯಿಯ ಮೈ ತನ್ನನ್ನು ಹಿಡಿದುಕೊಳ್ಳಲಿ ಎಂದು ಕಾಯುವುದಿಲ್ಲ. ಸಕ್ಕರೆ ಯಾವಾಗ ಬೇಕು, ಯಾವಾಗ ಬೇಡ ಎಂದು ತೀರ್ಮಾನಿಸುತ್ತದೆ. ತನ್ನೊಳಗೆ ನೀರು ತುಂಬಿಕೊಂಡು ಉಬ್ಬುತ್ತದೆ. ಕೊನೆಗೆ ತನ್ನನ್ನು ಸುತ್ತಿಕೊಂಡ ಕವಚವನ್ನು ತಾನೇ ಬಿಡಿಸಿಕೊಂಡು ಹೊರಬರುತ್ತದೆ. ಇಷ್ಟನ್ನೂ ಮಾಡಿಸುವುದು ಕಿಣ್ವಗಳು. ಈ ಕಿಣ್ವಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಒಂದು ಮುಖ್ಯ ಪಾಲು ಬೆಂಗಳೂರಿನಲ್ಲೇ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹ್ಯಾಮ್‌ಸ್ಟರ್ ಎಂಬ ಪುಟ್ಟ ಇಲಿಜಾತಿಯ ಪ್ರಾಣಿಯ ಭ್ರೂಣಗಳನ್ನು ನೋಡಿ ಕಂಡುಕೊಂಡದ್ದು. ಅದು ನಮ್ಮ ಊರಿನಲ್ಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಮೊದಲು ಭ್ರೂಣ ಇರುವ ಜಾಗವನ್ನು ನೋಡೋಣ. ಮನುಷ್ಯರ ಅಂಡಾಣುವಿನ ಅಡ್ಡಳತೆ ಸುಮಾರು 0.1 ಮಿಲಿಮೀಟರ್, ಕಣ್ಣು ಚುರುಕಿದ್ದವರಿಗೆ ಒಳ್ಳೆಯ ಬೆಳಕಿನಲ್ಲಿ ಒಂದು ಚುಕ್ಕೆಯಾಗಿ ಕಂಡರೂ ಕಾಣಬಹುದು. ಐವಿಎಫ್ ಪ್ರಯೋಗಾಲಯದಲ್ಲಿ ಅದನ್ನು ಅಂಗೈಗಿಂತ ಚಿಕ್ಕದಾದ ಪ್ಲಾಸ್ಟಿಕ್ ತಟ್ಟೆಯಲ್ಲಿ, ಒಂದು ಹನಿ ಪೋಷಕ ದ್ರವದೊಳಗೆ ಇಡುತ್ತಾರೆ. ಹನಿ ಆರಿಹೋಗದಂತೆ ಮೇಲೆ ಎಣ್ಣೆ ಹರಡಿರುತ್ತದೆ. ತಟ್ಟೆ ಇನ್‌ಕ್ಯುಬೇಟರಿನೊಳಗೆ ಹೋಗುತ್ತದೆ: 37 ಡಿಗ್ರಿ ಶಾಖ, ಶೇ 5ರಿಂದ 6ರಷ್ಟು ಇಂಗಾಲದ ಡೈಆಕ್ಸೈಡ್, ಆಮ್ಲಜನಕ ಮಾತ್ರ ಹೊರಗಿನ ಗಾಳಿಯ ಶೇ 21ರ ಬದಲು ಬರೀ ಶೇ 5. ಒಳಗೆ ಕೆಲಸ ಮಾಡುವವರು ಸೆಂಟು ಹಾಕಿಕೊಂಡು ಬರುವಂತಿಲ್ಲ. ಗಾಳಿಯಲ್ಲಿ ತೇಲುವ ರಾಸಾಯನಿಕ ಎಣ್ಣೆಯೊಳಗೆ ಇಳಿದು ಭ್ರೂಣಕ್ಕೆ ತಟ್ಟಬಹುದು. ಎಣ್ಣೆಯಡಿಯ ಹನಿಯಲ್ಲಿ ಭ್ರೂಣ ಬೆಳೆಸುವ ಈ ವಿಧಾನವನ್ನು 1963ರಲ್ಲಿ ಪ್ರಕಟಿಸಿದವರು ಅಮೆರಿಕದ ಪಶುವೈದ್ಯ ವಿಜ್ಞಾನಿ ರಾಲ್ಫ್ ಬ್ರಿನ್‌ಸ್ಟರ್. ಅವರು ಬೆಳೆಸಿದ್ದು ಇಲಿಯ ಭ್ರೂಣ. ಇಂದು ಇಂದಿರಾನಗರದಲ್ಲಿ ನಡೆಯುವುದೂ ಮೂಲದಲ್ಲಿ ಅದೇ ವಿಧಾನ.

ದಿನಗಳ ಲೆಕ್ಕ ಹೀಗೆ. ಅಂಡಾಣು ತೆಗೆದ ದಿನ ಸೊನ್ನೆ. ಮರುದಿನ ಗಂಡಿನದೊಂದು, ಹೆಣ್ಣಿನದೊಂದು ಕೋಶಕೇಂದ್ರ ಅಕ್ಕಪಕ್ಕ ಕಾಣುತ್ತವೆ. ಎರಡನೇ ದಿನ 4 ಕೋಶ, ಮೂರನೇ ದಿನ 8. ನಾಲ್ಕನೇ ದಿನ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಉಂಡೆಯಾಗುತ್ತವೆ. ಐದನೇ ದಿನ ಒಳಗೆ ನೀರು ತುಂಬಿ ಬ್ಲಾಸ್ಟೊಸಿಸ್ಟ್ ಆಗುತ್ತದೆ. ‘ಡೇ ಫೈವ್ ಎಂಬ್ರಿಯೊ’ ಎಂದು ಡಾಕ್ಟರು ಹೇಳುವುದು ಇದನ್ನೇ. ಫಲಿತವಾದ ಅಂಡಾಣುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಇಲ್ಲಿಯವರೆಗೆ ಬರುತ್ತವೆ. ಉಳಿದವು ದಾರಿಯಲ್ಲೇ ನಿಂತುಬಿಡುತ್ತವೆ, ಯಾವ ಆಟೊವನ್ನೂ ಹತ್ತದೆ, ಯಾವ ಮೆಟ್ಟಿಲನ್ನೂ ಏರದೆ.

ಮೊದಲ ಎರಡು ಮೂರು ದಿನ ಭ್ರೂಣ ತನ್ನ ಸ್ವಂತ ಜೀನುಗಳನ್ನು ಹೆಚ್ಚುಕಡಿಮೆ ಬಳಸುವುದೇ ಇಲ್ಲ. ಅಂಡಾಣು ಬೆಳೆಯುತ್ತಿದ್ದಾಗ ತಾಯಿ ಅದರೊಳಗೆ ಶೇಖರಿಸಿಟ್ಟ ಪ್ರೋಟೀನು, ಆರ್‌ಎನ್‌ಎಗಳ ದಾಸ್ತಾನಿನಿಂದಲೇ ಕೆಲಸ ನಡೆಯುತ್ತದೆ. ಇಲಿಯಲ್ಲಿ ಭ್ರೂಣದ ಸ್ವಂತ ಜೀನುಗಳು ಎಚ್ಚರಗೊಳ್ಳುವುದು 2 ಕೋಶದ ಹಂತದಲ್ಲಿ. ಮನುಷ್ಯರಲ್ಲಿ 4ರಿಂದ 8 ಕೋಶದ ನಡುವೆ. ಅದನ್ನು 1988ರಲ್ಲಿ ಪೀಟರ್ ಬ್ರೌಡ್ ಮತ್ತು ಸಂಗಡಿಗರು ತೋರಿಸಿದರು. ಈ ದಾಸ್ತಾನು ಎಷ್ಟಿರುತ್ತದೆ ಎಂದು ಮೊದಲು ಅಳೆದವರಲ್ಲಿ ಬ್ರಿನ್‌ಸ್ಟರ್ ಕೂಡ ಒಬ್ಬರು. 1965ರಲ್ಲಿ ಅವರು ಇಲಿಯ ಅಂಡಾಣುವಿನಲ್ಲಿ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಅಳೆದರು. ಲ್ಯಾಕ್ಟೇಟನ್ನು ಪೈರುವೇಟ್ ಆಗಿಯೂ, ಪೈರುವೇಟನ್ನು ಮರಳಿ ಲ್ಯಾಕ್ಟೇಟ್ ಆಗಿಯೂ ಮಾಡುವ ಕಿಣ್ವ ಅದು. ಇನ್ನೂ ಫಲಿಸದ ಅಂಡಾಣುವಿನಲ್ಲೇ ಅದು ಹೇರಳವಾಗಿತ್ತು, 8 ಕೋಶದ ಹಂತ ದಾಟಿದ ಮೇಲೆ ಕಡಿದಾಗಿ ಇಳಿಯಿತು. ಸಕ್ಕರೆಯನ್ನು ಒಡೆಯುವ ಕೆಲಸದ ಮೊದಲ ಹೆಜ್ಜೆಯಲ್ಲಿರುವ ಹೆಕ್ಸೊಕೈನೇಸ್ ಇದಕ್ಕೆ ತಿರುವುಮುರುವು: ಮೊದಲು ಕಡಿಮೆ, ಆಮೇಲೆ ಏರಿಕೆ.

ಇದರ ಅರ್ಥ ಇಷ್ಟು. ದೊಡ್ಡವರ ದೇಹದ ಹೆಚ್ಚಿನ ಕೋಶಗಳು ಗ್ಲೂಕೋಸ್ ಸಿಕ್ಕರೆ ಬಿಡುವುದಿಲ್ಲ. ಮೊದಲ ದಿನಗಳ ಭ್ರೂಣಕ್ಕೆ ಗ್ಲೂಕೋಸ್ ಬೇಡ, ಪೈರುವೇಟ್ ಬೇಕು. 1974ರಲ್ಲಿ ಓಲಿವರ್ ಲೋರಿ ತಂಡ ಇದರ ಕಾರಣವನ್ನು ಹಿಡಿಯಿತು. ಬಯೊಕೆಮಿಸ್ಟ್ರಿ ಓದಿದವರೆಲ್ಲ ಪ್ರೋಟೀನ್ ಅಳೆಯಲು ಕಲಿಯುವ ‘ಲೋರಿ ಮೆಥಡ್’ ಇದೇ ಲೋರಿಯವರದು. ಒಂದೊಂದೇ ಇಲಿ ಭ್ರೂಣದೊಳಗಿನ ರಾಸಾಯನಿಕಗಳನ್ನು ಅಳೆದು, ಸಕ್ಕರೆ ಒಡೆಯುವ ಸರಣಿ ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವದ ಹತ್ತಿರ ತಡೆದು ನಿಂತಿದೆ ಎಂದು ತೋರಿಸಿದರು. ಕಿಣ್ವ ಅಲ್ಲೇ ಇದೆ, ಆದರೆ ಅದರ ಕೈ ಕಟ್ಟಿಹಾಕಿದೆ. ತಾಯಿಯ ದೇಹಕ್ಕೂ ಇದು ಗೊತ್ತಿದ್ದಂತಿದೆ. ಋತುಚಕ್ರದ ನಡುವೆ ಹೆಂಗಸರ ಅಂಡನಾಳದ ದ್ರವದಲ್ಲಿ ಗ್ಲೂಕೋಸ್ ಸುಮಾರು 0.5 ಮಿಲಿಮೋಲಾರ್, ಗರ್ಭಕೋಶದ ದ್ರವದಲ್ಲಿ 3.15 ಎಂದು 1996ರಲ್ಲಿ ಡೇವಿಡ್ ಗಾರ್ಡ್‌ನರ್ ತಂಡ ಅಳೆಯಿತು. ಪೈರುವೇಟ್ ಇದಕ್ಕೆ ಉಲ್ಟಾ, ಅಂಡನಾಳದಲ್ಲಿ ಜಾಸ್ತಿ. ಭ್ರೂಣ ಮೊದಲ ದಿನಗಳನ್ನು ಕಳೆಯುವುದು ಅಂಡನಾಳದಲ್ಲಿ, ಆಮೇಲೆ ಇಳಿಯುವುದು ಗರ್ಭಕೋಶಕ್ಕೆ. ಯಾವಾಗ ಏನು ಬೇಕೋ ಅದನ್ನು ತಾಯಿಯ ದೇಹ ಅಲ್ಲಲ್ಲಿ ಇಟ್ಟಿದೆ.

ಇಲ್ಲಿಗೆ ಹ್ಯಾಮ್‌ಸ್ಟರ್ ಬರುತ್ತದೆ. ದೇಹದ ಹೊರಗೆ ಹ್ಯಾಮ್‌ಸ್ಟರ್ ಅಂಡಾಣುವನ್ನು ಫಲಿತಗೊಳಿಸಿದ್ದು 1963ರಷ್ಟು ಹಿಂದೆಯೇ. ಯಾನಗಿಮಾಚಿ ಮತ್ತು ಚಾಂಗ್ ಎಂಬಿಬ್ಬರು ಮಾಡಿದ್ದರು. ಆದರೆ ಫಲಿತವಾದ ಭ್ರೂಣ 2 ಕೋಶಕ್ಕೆ ಬಂದು ನಿಂತುಬಿಡುತ್ತಿತ್ತು. ಕಾಲು ಶತಮಾನ ಯಾರು ಏನು ಮಾಡಿದರೂ ಅದು ಮುಂದೆ ಹೋಗಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬ್ಯಾರಿ ಬ್ಯಾವಿಸ್ಟರ್ ಈ ಗಂಟಿನ ಬೆನ್ನುಹತ್ತಿದ್ದರು. ಹ್ಯಾಮ್‌ಸ್ಟರ್‌ಗೂ ನಮ್ಮ ಐವಿಎಫ್‌ಗೂ ಸಂಬಂಧ ಮೊದಲಿಂದ ಇದೆ ಎಂಬುದಕ್ಕೆ ಬ್ಯಾವಿಸ್ಟರ್ ಅವರೇ ಸಾಕ್ಷಿ. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಹ್ಯಾಮ್‌ಸ್ಟರ್ ಅಂಡಾಣುಗಳಿಗೆಂದು ಅವರು ತಯಾರಿಸಿದ ದ್ರವದಲ್ಲೇ ರಾಬರ್ಟ್ ಎಡ್ವರ್ಡ್ಸ್ ಮನುಷ್ಯರ ಅಂಡಾಣುವನ್ನು ಫಲಿತಗೊಳಿಸಿ, 1969ರಲ್ಲಿ ಮೂವರೂ, ಅಂದರೆ ಎಡ್ವರ್ಡ್ಸ್, ಬ್ಯಾವಿಸ್ಟರ್, ಸ್ಟೆಪ್ಟೊ, ಅದನ್ನು ಪ್ರಕಟಿಸಿದ್ದರು. ಒಂಬತ್ತು ವರ್ಷದ ನಂತರ ಜಗತ್ತಿನ ಮೊದಲ ಐವಿಎಫ್ ಮಗು ಲೂಯೀಸ್ ಬ್ರೌನ್ ಹುಟ್ಟಿದಳು.

1988ರಲ್ಲಿ ಬ್ಯಾವಿಸ್ಟರ್ ಪ್ರಯೋಗಾಲಯ ಹ್ಯಾಮ್‌ಸ್ಟರ್ ಭ್ರೂಣವನ್ನು ತಡೆಯುತ್ತಿದ್ದ ವಸ್ತುಗಳನ್ನು ಗುರುತಿಸಿತು: ಪೋಷಣೆಗೆಂದು ಎಲ್ಲರೂ ಹಾಕುತ್ತಿದ್ದ ಗ್ಲೂಕೋಸ್ ಮತ್ತು ಫಾಸ್ಫೇಟ್. ಎರಡನ್ನೂ ತೆಗೆದರೆ ಭ್ರೂಣ ಮುಂದೆ ಸಾಗಿತು. ಆಮೇಲೆ 8 ಕೋಶದ ಹಂತದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಬಿಡಿಸಿ ನೋಡಿದವರು, ಅದೇ ಪ್ರಯೋಗಾಲಯದಲ್ಲಿದ್ದು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಪಿ.ಬಿ. ಶೇಷಗಿರಿ. 1989ರಲ್ಲಿ ಅವರೂ ಬ್ಯಾವಿಸ್ಟರ್ ಅವರೂ ಗ್ಲೂಕೋಸ್ 8 ಕೋಶದ ಭ್ರೂಣದ ಬೆಳವಣಿಗೆಯನ್ನು ತಡೆಯುತ್ತದೆ, ಆದರೆ ಹಾಗೆ ತಡೆಯಲು ಫಾಸ್ಫೇಟ್ ಜೊತೆಗಿರಬೇಕು ಎಂದು ತೋರಿಸಿದರು. 1991ರಲ್ಲಿ ಭ್ರೂಣದ ಉಸಿರಾಟವನ್ನೇ ಅಳೆದರು. ಗ್ಲೂಕೋಸ್, ಫಾಸ್ಫೇಟ್ ಎರಡೂ ಇದ್ದಾಗ ಭ್ರೂಣ ಆಮ್ಲಜನಕ ಬಳಸುವುದೇ ಕಡಿಮೆಯಾಗುತ್ತಿತ್ತು. ಸಕ್ಕರೆ ಒಡೆಯುವ ಕಿಣ್ವಗಳು ಹೊತ್ತಿಗೆ ಮುಂಚೆ ಚುರುಕಾಗಿ, ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳಿಗೆ ಬೇಕಾದದ್ದನ್ನು ಕಸಿಯುತ್ತಿದ್ದವು. 1929ರಲ್ಲಿ ಕ್ರ್ಯಾಬ್‌ಟ್ರೀ ಎಂಬ ವಿಜ್ಞಾನಿ ಗಡ್ಡೆಯ ಕೋಶಗಳಲ್ಲಿ ಕಂಡ ಪರಿಣಾಮ ಇದೇ. ಬೆಳೆಯುವ ಭ್ರೂಣದಲ್ಲೂ ಬೆಳೆಯುವ ಗಡ್ಡೆಯಲ್ಲೂ ಅದೇ ರಸಾಯನ ಕಂಡದ್ದು ಈ ಕ್ಷೇತ್ರದ ಆಳದ ಮಾತುಗಳಲ್ಲಿ ಒಂದು.

ಇಂಥ ಕೆಲಸಗಳಿಂದಾಗಿಯೇ ಮನುಷ್ಯರ ಭ್ರೂಣಕ್ಕೂ ಮೊದಲ ಮೂರು ದಿನಕ್ಕೊಂದು ದ್ರವ, ಆಮೇಲಿನ ಎರಡು ದಿನಕ್ಕೆ ಇನ್ನೊಂದು ದ್ರವ ಎಂಬ ಪದ್ಧತಿ 1990ರ ದಶಕದಲ್ಲಿ ಬಂತು. ಅದು ಬಂದಮೇಲೆಯೇ ಭ್ರೂಣವನ್ನು ಐದನೇ ದಿನದವರೆಗೆ ಹೊರಗೆ ಬೆಳೆಸುವುದು ಎಲ್ಲ ಕಡೆ ಸಾಧ್ಯವಾದದ್ದು.

ಕಿಣ್ವಗಳ ಬಗ್ಗೆ ಇನ್ನೊಂದು ಅಚ್ಚರಿ 2017ರಲ್ಲಿ ಹೊರಬಂತು. ಶಾಲೆಯಲ್ಲಿ ಕಲಿತ ಕ್ರೆಬ್ಸ್ ಚಕ್ರದ ಕಿಣ್ವಗಳು ಇರುವುದು ಮೈಟೊಕಾಂಡ್ರಿಯಾದೊಳಗೆ. ಆದರೆ ಲಾಸ್ ಏಂಜಲೀಸ್‌ನ ಉತ್ಪಲ್ ಬ್ಯಾನರ್ಜಿ ಅವರ ಪ್ರಯೋಗಾಲಯದಲ್ಲಿ ರಾಘವೇಂದ್ರ ನಾಗರಾಜ್ ಮತ್ತು ಇತರರು ಇಲಿಯ 2 ಕೋಶದ ಭ್ರೂಣವನ್ನು ನೋಡಿದಾಗ, ಆ ಕಿಣ್ವಗಳಲ್ಲಿ ಕೆಲವು ಸ್ವಲ್ಪ ಕಾಲ ಕೋಶಕೇಂದ್ರದೊಳಗೆ ಬಂದು ಕೂತಿದ್ದವು. ಸರಿಯಾಗಿ ಭ್ರೂಣದ ಸ್ವಂತ ಜೀನುಗಳು ಎಚ್ಚರಗೊಳ್ಳುವ ಹೊತ್ತಿಗೆ. ಹನಿಯಲ್ಲಿ ಪೈರುವೇಟ್ ಇಲ್ಲದಿದ್ದರೆ ಅವು ಬರುವುದಿಲ್ಲ, ಜೀನುಗಳೂ ಏಳುವುದಿಲ್ಲ, ಭ್ರೂಣ 2 ಕೋಶದಲ್ಲೇ ನಿಲ್ಲುತ್ತದೆ. ಆ ಪೈರುವೇಟ್ ಬರೀ ಹೊಟ್ಟೆಪಾಡಿಗೆ ಎಂದು ಅಲ್ಲಿಯವರೆಗೆ ಎಲ್ಲರೂ ಅಂದುಕೊಂಡಿದ್ದರು.

ನಾಲ್ಕನೇ ದಿನದಿಂದ ಐದನೇ ದಿನಕ್ಕೆ ಭ್ರೂಣ ಉಬ್ಬುವುದು ಸೋಡಿಯಂ-ಪೊಟ್ಯಾಸಿಯಂ ಎಟಿಪಿಯೇಸ್ ಎಂಬ ಕಿಣ್ವದಿಂದ. ಹೊರ ಪದರದ ಕೋಶಗಳ ಒಳಮುಖದ ಪೊರೆಯಲ್ಲಿ ಅದು ಕೂತು, ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಒಂದನ್ನು ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಒಳಗಿನ ಪೊಳ್ಳಿನ ಕಡೆಗೆ ತಳ್ಳುತ್ತದೆ, 2 ಪೊಟ್ಯಾಸಿಯಂ ಅಯಾನುಗಳನ್ನು ಕೋಶಕ್ಕೆ ಎಳೆದುಕೊಳ್ಳುತ್ತದೆ. ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಕೋಶಗಳ ನಡುವಿನ ಸಂದುಗಳು ಬಿಗಿಯಾಗಿ ಮುಚ್ಚಿರುವುದರಿಂದ ಆ ನೀರು ಸೋರುವುದಿಲ್ಲ. ವಾಬೇನ್ ಎಂಬ ಸಸ್ಯವಿಷ ಹಾಕಿ ಈ ಕಿಣ್ವವನ್ನು ತಡೆದರೆ ಪೊಳ್ಳು ತುಂಬುವುದಿಲ್ಲ. ರಿಪೋರ್ಟಿನಲ್ಲಿ ಬ್ಲಾಸ್ಟೊಸಿಸ್ಟ್ ‘ಎಕ್ಸ್‌ಪ್ಯಾಂಡೆಡ್’ ಎಂದು ಬರೆದಿದ್ದರೆ ಈ ಕಿಣ್ವ ರಾತ್ರಿಯೆಲ್ಲ ದುಡಿದಿದೆ ಎಂದು ತಿಳಿಯಬಹುದು. ಹೊರ ಪದರದ ಕೋಶಗಳು ಮುಂದೆ ಮಾಸು ಆಗುತ್ತವೆ. ಒಳಗಿನ ಚಿಕ್ಕ ಗುಂಪು ಮಗುವಾಗುತ್ತದೆ.

ಇಷ್ಟೂ ದಿನ ಭ್ರೂಣದ ಸುತ್ತ ಒಂದು ಪಾರದರ್ಶಕ ಕವಚ ಇರುತ್ತದೆ. ಹೆಸರು ಜೋನಾ ಪೆಲುಸಿಡಾ. ಪ್ರಯೋಗಾಲಯದಲ್ಲಿ ಎಲ್ಲರೂ ಜೋನಾ ಎನ್ನುತ್ತಾರೆ. ಮನುಷ್ಯರಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಸಕ್ಕರೆ ಸರಪಳಿ ಹೊತ್ತ ನಾಲ್ಕು ಬಗೆಯ ಪ್ರೋಟೀನುಗಳಿಂದ ಹೆಣೆದದ್ದು. ಇದರ ಕಥೆ ಶುರುವಾಗುವುದೂ ಕಿಣ್ವದಿಂದ, ಮುಗಿಯುವುದೂ ಕಿಣ್ವದಿಂದ. ಒಂದು ವೀರ್ಯಾಣು ಒಳಹೊಕ್ಕ ಕೂಡಲೇ ಅಂಡಾಣು ತನ್ನ ಅಂಚಿನ ಪುಟ್ಟ ಚೀಲಗಳಿಂದ ಓವಾಸ್ಟಸಿನ್ ಎಂಬ ಕಿಣ್ವವನ್ನು ಹೊರಗೆ ಚೆಲ್ಲುತ್ತದೆ. ಅದು ಜೋನಾದ ಒಂದು ಪ್ರೋಟೀನನ್ನು ಕತ್ತರಿಸುತ್ತದೆ, ಕವಚ ಬಿಗಿಯುತ್ತದೆ, ಇನ್ನೊಂದು ವೀರ್ಯಾಣು ಅಂಟಲಾರದು. ಇದು 2012ರಲ್ಲಿ ಇಲಿಯಲ್ಲಿ ಗೊತ್ತಾಯಿತು. ಮರುವರ್ಷ ಗೊತ್ತಾದದ್ದು ಇನ್ನೂ ದೊಡ್ಡದು. ಓವಾಸ್ಟಸಿನ್ ಫಲಿಸುವ ಮೊದಲೇ ಹನಿಹನಿಯಾಗಿ ಸೋರುತ್ತಿರುತ್ತದೆ. ಅದನ್ನು ತಡೆದಿಡುವುದು ಫೆಟ್ಯುಇನ್-ಬಿ ಎಂಬ ಪ್ರೋಟೀನು, ಅದು ತಯಾರಾಗುವುದು ಪಿತ್ತಜನಕಾಂಗದಲ್ಲಿ. ಆ ಪ್ರೋಟೀನು ಇಲ್ಲದ ಹೆಣ್ಣಿಲಿಗಳ ಅಂಡಾಣುವಿನ ಕವಚ ವೀರ್ಯಾಣು ಬರುವ ಮೊದಲೇ ಬಿಗಿದುಕೊಂಡು, ಅವು ಬಂಜೆಯಾಗಿ ಉಳಿದವು. ಅಂಡಾಣುವಿನ ಮೇಲಿನ ಒಂದು ಕಿಣ್ವವನ್ನು ಹದ್ದುಬಸ್ತಿನಲ್ಲಿಡುವುದು ಎಲ್ಲೋ ಇರುವ ಲಿವರ್.

ಅಂಡನಾಳದಲ್ಲಿ ಈ ಕವಚ ಬೇಕು. ಇಲ್ಲದಿದ್ದರೆ ಕೋಶಗಳು ಚದುರಬಹುದು, ನಾಳದ ಗೋಡೆಗೇ ಅಂಟಬಹುದು. ಗರ್ಭಕೋಶಕ್ಕೆ ಬಂದಮೇಲೆ ಮಾತ್ರ ಅದು ಹೋಗಲೇಬೇಕು. ಕವಚದೊಳಗೆ ಇರುವ ಭ್ರೂಣ ಎಷ್ಟೇ ಚೆನ್ನಾಗಿದ್ದರೂ ಗೋಡೆಯನ್ನು ಮುಟ್ಟಲಾರದು.

ಅದು ಹೋಗುವುದು ಹೇಗೆ? ಇಲಿಯ ಬ್ಲಾಸ್ಟೊಸಿಸ್ಟ್ ಉಬ್ಬಿ ಉಬ್ಬಿ, ಜೋನಾದಲ್ಲಿ ಒಂದು ಸೀಳು ಬಿಟ್ಟು, ಅದರ ಮೂಲಕ ನುಸುಳಿ ಹೊರಬರುತ್ತದೆ. ಹಿಂದೆ ಖಾಲಿ ಕವಚ ತಟ್ಟೆಯಲ್ಲೇ ಬಿದ್ದಿರುತ್ತದೆ. ಅಲ್ಲಿ ಟ್ರಿಪ್ಸಿನ್ ಬಗೆಯ ಕಿಣ್ವ ಕೆಲಸ ಮಾಡುತ್ತದೆ ಎಂದು 1986ರಲ್ಲಿ ಪೆರೋನಾ ಮತ್ತು ವಾಸರ್‌ಮನ್ ತೋರಿಸಿದ್ದರು. ಎಲ್ಲ ಪ್ರಾಣಿಗಳಲ್ಲೂ ಹೀಗೇ ಇರಬಹುದು ಎಂಬ ಊಹೆ ಸಹಜ. ಶೇಷಗಿರಿಯವರ ಬೆಂಗಳೂರಿನ ಪ್ರಯೋಗಾಲಯ ಹ್ಯಾಮ್‌ಸ್ಟರ್‌ನಲ್ಲಿ ಕಂಡದ್ದು ಬೇರೆಯೇ.

ಸೂಕ್ಷ್ಮದರ್ಶಕದ ಕೆಳಗೆ ಅದು ಹೀಗೆ ನಡೆಯುತ್ತದೆ. ಉಬ್ಬಿದ್ದ ಹ್ಯಾಮ್‌ಸ್ಟರ್ ಬ್ಲಾಸ್ಟೊಸಿಸ್ಟ್ ಹೊರಬರುವ ಮುಂಚೆ ಒಮ್ಮೆ ಕುಗ್ಗುತ್ತದೆ. ನೋಡುವವರಿಗೆ ಇದು ಸತ್ತೇಹೋಯಿತು ಅನ್ನಿಸಬೇಕು, ಹಾಗೆ. ಕುಗ್ಗಿದಮೇಲೆ ಅದಕ್ಕೂ ಜೋನಾಕ್ಕೂ ನಡುವೆ ಜಾಗ ಬಿಡುತ್ತದೆ. ಹೊರ ಪದರದ ಕೋಶಗಳಿಂದ ಸಣ್ಣ ಚಾಚುಗಳು ಹೊರಟು, ಚಲಿಸುತ್ತ, ಜೋನಾವನ್ನು ಮುಟ್ಟುತ್ತವೆ. ಒಂದು ಕಡೆ ಜೋನಾ ತೆಳ್ಳಗಾಗುತ್ತದೆ, ಅಲ್ಲಿ ಒಂದು ತೂತು ಬೀಳುತ್ತದೆ. ಆಮೇಲೆ ಇಡೀ ಕವಚವೇ ಕರಗಿ ಇಲ್ಲವಾಗುತ್ತದೆ. ಖಾಲಿ ಸಿಪ್ಪೆ ಎಂದು ತೋರಿಸಲು ತಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ. ಹ್ಯಾಮ್‌ಸ್ಟರ್ ಗರ್ಭಧಾರಣೆಯ ಇಡೀ ಅವಧಿಯೇ 16 ದಿನ. ಅದಕ್ಕೆ ಕಾಯಲು ಹೊತ್ತಿಲ್ಲ.

2000ದಲ್ಲಿ ಎ. ಮಿಶ್ರಾ ಮತ್ತು ಶೇಷಗಿರಿ, ಕವಚ ಕರಗಿಸುವುದು ಭ್ರೂಣವೇ ತಯಾರಿಸುವ, ಆ ಪ್ರಾಣಿಗೇ ವಿಶಿಷ್ಟವಾದ ಪ್ರೋಟೀನ್ ಕತ್ತರಿಸುವ ಕಿಣ್ವ ಎಂಬುದಕ್ಕೆ ಆಧಾರ ಕೊಟ್ಟರು. ಯಾವ ಕಿಣ್ವ ಎಂದು ಹಿಡಿಯುವುದು ಹೇಗೆ? ಒಂದೊಂದು ಕಿಣ್ವ ಕುಟುಂಬವನ್ನು ತಡೆಯುವ ರಾಸಾಯನಿಕವನ್ನು ಹನಿಗೆ ಸೇರಿಸಿ, ಯಾವುದಕ್ಕೆ ಭ್ರೂಣ ಒಳಗೇ ಉಳಿಯುತ್ತದೆ ಎಂದು ನೋಡುವುದು. ಸಿಸ್ಟೀನ್ ಪ್ರೋಟಿಯೇಸ್‌ಗಳನ್ನು ತಡೆದಾಗ ಹ್ಯಾಮ್‌ಸ್ಟರ್ ಭ್ರೂಣ ಹೊರಬರಲಿಲ್ಲ. 2008ರಲ್ಲಿ ಜಿ.ವಿ. ಸಿರೀಷಾ, ಶೇಷಗಿರಿ ಮತ್ತು ಅಮೆರಿಕ, ಜರ್ಮನಿಯ ಸಹೋದ್ಯೋಗಿಗಳು ಆ ಕಿಣ್ವಗಳ ಹೆಸರು ಹೇಳಿದರು: ಕ್ಯಾಥೆಪ್ಸಿನ್‌ಗಳು. ಹೊರಬರಲು ಸಿದ್ಧವಾದ ಬ್ಲಾಸ್ಟೊಸಿಸ್ಟ್‌ನಲ್ಲಿ, ಅದರ ಚಾಚುಗಳಲ್ಲಿ, ಜೋನಾದಲ್ಲೇ ಕೂಡ ಅವು ಸಿಕ್ಕವು. ಸಿಸ್ಟಾಟಿನ್-ಸಿ ಸೇರಿಸಿದರೆ ಹೊರಬರುವುದು ನಿಂತಿತು. ಕಿಡ್ನಿ ಹೇಗಿದೆ ಎಂದು ತಿಳಿಯಲು ಆಸ್ಪತ್ರೆಗಳಲ್ಲಿ ರಕ್ತದಲ್ಲಿ ಅಳೆಯುವ ಸಿಸ್ಟಾಟಿನ್-ಸಿ ಇದೇ. ದೇಹದೊಳಗೆ ಅದರ ನಿಜವಾದ ಕೆಲಸ ಕ್ಯಾಥೆಪ್ಸಿನ್‌ಗಳಿಗೆ ಲಗಾಮು ಹಾಕುವುದು. ಇನ್ನೂ ಹೊತ್ತಾಗದ 8 ಕೋಶದ ಭ್ರೂಣಕ್ಕೆ ಹೊರಗಿನಿಂದ ಕ್ಯಾಥೆಪ್ಸಿನ್ ಹಾಕಿದಾಗ ಜೋನಾ ಕರಗಿತು.

ಕ್ಯಾಥೆಪ್ಸಿನ್ ಎಂದರೆ ದೂರದ ಹೆಸರು ಅನ್ನಿಸಬಹುದು. ಅದರ ಕುಟುಂಬ ನಮಗೆ ಗೊತ್ತಿರುವಂಥದ್ದೇ. ಶಿವಾಜಿನಗರದಲ್ಲಿ ಕಬಾಬ್ ಮಾಡುವವರು ಮಾಂಸ ಮೆತ್ತಗಾಗಲೆಂದು ಹಸಿ ಪರಂಗಿಕಾಯಿ ಅರೆದು ಹಚ್ಚಿಡುತ್ತಾರೆ. ಪರಂಗಿಯ ಹಾಲಿನಲ್ಲಿರುವ ಪಪೈನ್ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಕಿಣ್ವಶಾಸ್ತ್ರದಲ್ಲಿ ಕ್ಯಾಥೆಪ್ಸಿನ್ ಎಲ್, ಕ್ಯಾಥೆಪ್ಸಿನ್ ಬಿ ಎರಡೂ ಸೇರುವುದು ಪಪೈನ್ ಕುಟುಂಬಕ್ಕೇ. ಕತ್ತರಿಸುವ ಜಾಗದಲ್ಲಿ ಎಲ್ಲಕ್ಕೂ ಇರುವುದು ಅದೇ ಸಿಸ್ಟೀನ್ ಎಂಬ ಅಮೈನೊ ಆಮ್ಲ. ಹಾಗೆಂದು ಟ್ರಾನ್ಸ್‌ಫರ್, ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು, ಆದಮೇಲೆ ಪರಂಗಿ ತಿಂದರೆ ಕವಚ ಬೇಗ ಕರಗೀತು ಎಂದೋ, ಭ್ರೂಣವೇ ಕರಗೀತು ಎಂದೋ ಯಾರೂ ತಿಳಿಯಬೇಡಿ. ಪಪೈನ್ ಕೂಡ ಒಂದು ಪ್ರೋಟೀನು. ತಿಂದದ್ದು ಜಠರದಲ್ಲಿ, ಕರುಳಿನಲ್ಲಿ ಜೀರ್ಣವಾಗುತ್ತದೆ.

ಅದೇ ಪ್ರಯೋಗಾಲಯ 2013ರಲ್ಲಿ ಇನ್ನೊಂದು ಕೊಂಡಿ ಸೇರಿಸಿತು. ಹ್ಯಾಮ್‌ಸ್ಟರ್ ಭ್ರೂಣ ಕವಚದಿಂದ ಹೊರಬರಲು ಸೈಕ್ಲೊಆಕ್ಸಿಜನೇಸ್-2 ಎಂಬ ಕಿಣ್ವವೂ ಬೇಕು ಎಂದು ಎಸ್. ಸೇನ್ ರಾಯ್ ಮತ್ತು ಶೇಷಗಿರಿ ತೋರಿಸಿದರು. ಮೈಕೈ ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ತಡೆಯುವ ಕಿಣ್ವಗಳಲ್ಲಿ ಇದೂ ಒಂದು. ಈ ಕಿಣ್ವವೇ ಇಲ್ಲದ ಇಲಿಗಳಲ್ಲಿ ಅಂಡೋತ್ಪತ್ತಿಯಿಂದ ಹಿಡಿದು ಭ್ರೂಣ ಅಂಟುವವರೆಗೆ ಎಲ್ಲವೂ ಕೆಡುತ್ತದೆ ಎಂದು 1997ರಲ್ಲೇ ಗೊತ್ತಾಗಿತ್ತು. ಹ್ಯಾಮ್‌ಸ್ಟರ್‌ನಲ್ಲಿ, ಇಲಿಯಲ್ಲಿ ಕಂಡದ್ದನ್ನು ನೇರವಾಗಿ ನಮ್ಮ ಮೇಲೆ ಹೇರಲಾಗದು. ಚಿಕಿತ್ಸೆಯಲ್ಲಿರುವವರು ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ತಾವೇ ಕೊಳ್ಳದೆ ತಮ್ಮ ಡಾಕ್ಟರನ್ನು ಕೇಳಿ ನುಂಗಬೇಕು ಎನ್ನಲು ಇಷ್ಟು ಸಾಕು.

ಮನುಷ್ಯರ ಬ್ಲಾಸ್ಟೊಸಿಸ್ಟ್‌ನಿಂದಲೂ ಇಂಥ ಚಾಚುಗಳು ಹೊರಡುವುದನ್ನು ನೋಡಿದ್ದಾರೆ. ತಟ್ಟೆಯಲ್ಲಿ ಅದು ಇಲಿಯ ಹಾಗೆ ಖಾಲಿ ಕವಚ ಬಿಟ್ಟು ಹೊರಬರುತ್ತದೆ. ಹ್ಯಾಮ್‌ಸ್ಟರ್‌ನಷ್ಟು ಸ್ಪಷ್ಟವಾಗಿ ಮನುಷ್ಯರ ಕಿಣ್ವ ಇಂಥದ್ದೇ ಎಂದು ಕೈಯಿಟ್ಟು ತೋರಿಸುವ ಪ್ರಯೋಗಗಳು ವಿರಳ, ಆಗಬೇಕಾದದ್ದೂ ಹಾಗೆಯೇ. ಜನ ಆಸೆಪಟ್ಟು ಪಡೆದ ಭ್ರೂಣಗಳನ್ನು ಬೇಕಾಬಿಟ್ಟಿ ಪರೀಕ್ಷೆಗೆ ಒಡ್ಡುವಂತಿಲ್ಲ. ಕಾನೂನೂ ಬಿಗಿಯಾಗಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿರಬೇಕು.

ಇಷ್ಟು ತಿಳಿದರೆ ಬಿಲ್ಲಿನಲ್ಲಿ ಬರುವ ಒಂದು ಸಾಲನ್ನು ಪ್ರಶ್ನಿಸುವ ಧೈರ್ಯ ಬರುತ್ತದೆ. ‘ಅಸಿಸ್ಟೆಡ್ ಹ್ಯಾಚಿಂಗ್’ ಎಂಬುದು ಭ್ರೂಣಕ್ಕೆ ಹೊರಬರಲು ಸುಲಭವಾಗಲಿ ಎಂದು ಜೋನಾದಲ್ಲಿ ಮೊದಲೇ ತೂತು ಮಾಡುವುದು ಅಥವಾ ಅದನ್ನು ತೆಳ್ಳಗೆ ಮಾಡುವುದು. 1990ರ ಸುಮಾರಿಗೆ ಜಾಕ್ ಕೋಹೆನ್ ಇದನ್ನು ಶುರುಮಾಡಿದರು. ಆರಂಭದ ವರ್ಷಗಳಲ್ಲಿ ಆಮ್ಲದ ಹನಿಯನ್ನೂ ಬಳಸುತ್ತಿದ್ದರು, ಈಗ ಲೇಸರ್. ಕೇಳಿದರೆ ತರ್ಕ ಸರಿಯೆನ್ನಿಸುತ್ತದೆ. ಆದರೆ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್, ಇದರಿಂದ ಗರ್ಭಧಾರಣೆಯ ಪ್ರಮಾಣ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲವೆಂಬ ಕಾರಣಕ್ಕೆ ಇದನ್ನು ಶಿಫಾರಸು ಮಾಡುವುದಿಲ್ಲ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಕೊಕ್ರೇನ್ ಪರಿಶೀಲನೆಗಳಿಗೂ ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಆರೋಗ್ಯವಂತ ಭ್ರೂಣದ ಬಳಿ ತನ್ನದೇ ಕಿಣ್ವಗಳಿವೆ. ಹೊರಬರಲಾರದ ಭ್ರೂಣದ ತೊಂದರೆ ಬಹಳ ಸಲ ಕವಚದಲ್ಲಿ ಇರುವುದಿಲ್ಲ, ಅದರೊಳಗೇ ಇರುತ್ತದೆ. ‘ಡಾಕ್ಟ್ರೇ, ನಮ್ಮ ಕೇಸಲ್ಲಿ ಇದು ಯಾಕೆ ಬೇಕು?’ ಎಂದು ಕೇಳುವುದು ತಪ್ಪಲ್ಲ. ಸಾಲ ಮಾಡಿ, ಚಿನ್ನ ಅಡವಿಟ್ಟು ಬಂದವರು ಕೇಳಲೇಬೇಕು.

ಈಗ ಆ ಆಟೊ ಪ್ರಶ್ನೆ. ಗರ್ಭಕೋಶದ ಒಳಗೆ ಖಾಲಿ ಜಾಗ ಎಂಬುದು ಇರುವುದಿಲ್ಲ. ಮುಂದಿನ ಗೋಡೆ, ಹಿಂದಿನ ಗೋಡೆ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಅವುಗಳ ನಡುವೆ ಒಂದು ಪುಟ್ಟ ಹನಿಯೊಳಗೆ ಬಿಟ್ಟ, ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಭ್ರೂಣ ಎದ್ದು ನಿಂತರೆ ಜಾರುವುದಿಲ್ಲ, ಹಂಪು ಹಾರಿದರೆ ಬೀಳುವುದಿಲ್ಲ. ಟ್ರಾನ್ಸ್‌ಫರ್ ಆದಮೇಲೆ ಮಲಗಿಸುವುದನ್ನು ಶಿಫಾರಸು ಮಾಡುವುದಿಲ್ಲ ಎಂದು ಅಮೆರಿಕದ ಸಂತಾನ ವೈದ್ಯಶಾಸ್ತ್ರ ಸಂಘ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಭ್ರೂಣ ನಿಲ್ಲದಿರಲು ದೊಡ್ಡ ಕಾರಣ ಕ್ರೋಮೋಸೋಮುಗಳ ಸಂಖ್ಯೆ ತಪ್ಪಿರುವುದು. ಅದು ತೀರ್ಮಾನವಾಗುವುದು ಹೆಚ್ಚಿನ ಪಾಲು ಅಂಡಾಣು ಮಾಗುವಾಗಲೇ, ಟ್ರಾನ್ಸ್‌ಫರ್‌ಗೆ ಎಷ್ಟೋ ಮುಂಚೆ. ವಯಸ್ಸು 40 ದಾಟಿದ ಮೇಲೆ ಬ್ಲಾಸ್ಟೊಸಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಹೀಗಿರುತ್ತದೆ. ಇದನ್ನು ಯಾವ ಅತ್ತೆಯೂ, ಯಾವ ಗಂಡನೂ, ಯಾವ ಹೆಣ್ಣೂ ತನ್ನ ನಡಿಗೆಯಿಂದ ಬದಲಿಸಲಾಗದು. ಟ್ರಾನ್ಸ್‌ಫರ್ ಆದವರನ್ನು ಮನೆಗೆ ಕರೆದೊಯ್ಯಲು ಬಂದವರಿಗೆ ಇದನ್ನು ಅಲ್ಲೇ ಕೂರಿಸಿ, ಕನ್ನಡದಲ್ಲೋ ತಮಿಳಿನಲ್ಲೋ ಉರ್ದುವಿನಲ್ಲೋ ಅವರ ಮಾತಿನಲ್ಲೇ ಹೇಳಿ ಕಳಿಸುವುದು ಪ್ರತಿ ಕ್ಲಿನಿಕ್ಕಿನ ಕೆಲಸವಾಗಬೇಕು.

ಕವಚ ಬಿಟ್ಟ ಭ್ರೂಣದ ಹೊರ ಪದರಕ್ಕೆ ಇನ್ನೂ ಒಂದು ಕೆಲಸ ಇದೆ. ಚಾಚುಗಳನ್ನು ಹೊರಡಿಸುವುದು ಆ ಪದರದ ಕೋಶಗಳೇ, ಆಮೇಲೆ ಗರ್ಭಕೋಶದ ಒಳಪದರವನ್ನು ಕೊರೆದು ಒಳಗೆ ಇಳಿಯುವುದೂ ಅವೇ, ಎಚ್‌ಸಿಜಿ ಎಂಬ ಹಾರ್ಮೋನನ್ನು ತಯಾರಿಸುವುದೂ ಅವೇ. 1993ರಲ್ಲಿ ಶೇಷಗಿರಿ ಮತ್ತು ಜಾನ್ ಹರ್ನ್ ರೀಸಸ್ ಕೋತಿಯ ಭ್ರೂಣಗಳನ್ನು ಕವಚದಿಂದ ಹೊರಬಂದು ತಟ್ಟೆಗೆ ಅಂಟಿಕೊಳ್ಳುವವರೆಗೂ ಬೆಳೆಸಿ, ಅವು ಈ ಬಗೆಯ ಹಾರ್ಮೋನನ್ನು ಸುರಿಸತೊಡಗುವುದನ್ನು ದಾಖಲಿಸಿದ್ದರು. ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಹುಡುಕುವುದು ಅದನ್ನೇ. ಕವಚ ಬಿಟ್ಟು, ಗೋಡೆಗೆ ಅಂಟಿ, ಒಳಗೆ ಇಳಿದಮೇಲೆ ಮಾತ್ರ ಅದು ತಾಯಿಯ ರಕ್ತಕ್ಕೆ ಅಳೆಯುವಷ್ಟು ಸೇರುತ್ತದೆ. ಅದಕ್ಕೇ ಡಾಕ್ಟರು ಹತ್ತು ಹದಿನಾಲ್ಕು ದಿನ ಕಾಯಿರಿ ಎನ್ನುವುದು. ಟ್ರಾನ್ಸ್‌ಫರ್ ಆದ ನಾಲ್ಕನೇ ದಿನಕ್ಕೇ ಕಿಟ್ ತಂದು ನೋಡಿದರೆ ಇಲ್ಲದ್ದೂ ಇದ್ದಂತೆ ಕಾಣಬಹುದು, ಇದ್ದದ್ದೂ ಇಲ್ಲದಂತೆ ಕಾಣಬಹುದು. ಅಂಡಾಣು ತೆಗೆಯುವ ಮುಂಚೆ ಕೊಟ್ಟ ಇಂಜೆಕ್ಷನ್ನಿನಲ್ಲಿ ಎಚ್‌ಸಿಜಿಯೇ ಇದ್ದರೆ ಅದು ಆಗಿನ್ನೂ ಮೈಯಲ್ಲಿ ಪೂರ್ತಿ ಕರಗಿರುವುದಿಲ್ಲ, ಭ್ರೂಣದ ಹಾರ್ಮೋನು ಇನ್ನೂ ರಕ್ತಕ್ಕೆ ಬಂದಿರುವುದಿಲ್ಲ.